ನರಿಗೆ ಬಿಟ್ಟ ಮಗ್ಗುಲು

ಐನಾಪುರದ ಕಡೆ ಕೃಷ್ಣಾ ದಂಡೆಯಲ್ಲಿ ಕಾಸಿಮಸಾಬನದು ಒಂಟಿ ಗುಡಿಸಲು. ಮುಂದೆ ಹೊಳೆ, ಹಿಂದೆ ಅಪ್ಪಾಸಾಬನ ಕಬ್ಬಿನ ಹೊಲ. ರಜೆಯ ದಿನ ಅಥಣಿಯವರು ಟೆಂಪೋ ಮಾಡಿಕೊಂಡು ಬಂದು, ಅವನ ಹೆಂಡತಿ ಕುಲಸುಂಬಿ ಹುರಿದ ಮೀನು ತಿಂದು, ಹೊಳೆಯ ಗಾಳಿಯನ್ನು ಹೊಗಳಿ ಹೋಗುತ್ತಿದ್ದರು.

2012ರ ಏಪ್ರಿಲ್‌ನ ಒಂದು ಮಧ್ಯಾಹ್ನ ಆ ಗಾಳಿಯೇ ತಿರುಗಿತು.

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ರವದಿಯನ್ನು ಸುಡುವಾಗ ಅಪ್ಪಾಸಾಬ ತಂದೆಯ ಕಾಲದ ಪದ್ಧತಿ ಬಿಟ್ಟವನಲ್ಲ. ಮೊದಲು ತಾಟು ಬಡಿದು ಒಳಗಿನ ಪ್ರಾಣಿಗಳನ್ನು ಎಬ್ಬಿಸುವುದು. ಆಮೇಲೆ ಮೂರು ಮಗ್ಗುಲಿಗೆ ಮಾತ್ರ ಬೆಂಕಿ ಹಚ್ಚಿ, ಹೊಳೆಯ ಮಗ್ಗುಲನ್ನು ನರಿ, ಮೊಲ, ಮುಂಗುಸಿಗಳಿಗೆ ಬಿಡುವುದು. ಹೊಳೆಯ ಗಾಳಿ ಬೆಂಕಿಯನ್ನು ಆ ಕಡೆ ಬರಗೊಡುವುದಿಲ್ಲ ಎಂಬ ಭರವಸೆ. ಅಂದು ಬೆಂಕಿ ಹಚ್ಚಿದ ಮೇಲೆ ಗಾಳಿ ಹೊಲದ ಕಡೆಯಿಂದ ಗುಡಿಸಲಿನ ಮೇಲೆ ಬೀಸತೊಡಗಿತು.

ಪ್ರಾಣಿಗಳು ಪದ್ಧತಿಯ ಪ್ರಕಾರವೇ ಬಂದವು. ಕುಲಸುಂಬಿಯ ಅಂಗಳದಲ್ಲಿ ಮೊದಲು ಮೊಲಗಳು, ಅವುಗಳ ಹಿಂದೆ ಮುಂಗುಸಿ, ಕೊನೆಗೆ ಒಂದು ನರಿ ಹಾದುಹೋದವು. ಚಪ್ಪರದಡಿ ಕಟ್ಟಿದ್ದ ಆಡಿನ ಕಡೆ ನರಿ ತಿರುಗಿಯೂ ನೋಡಲಿಲ್ಲ, ಅದಕ್ಕೆ ಪುರಸೊತ್ತಿರಲಿಲ್ಲ. ಆಡಿಗೂ ಇರಲಿಲ್ಲ. ಅದು ಮರಿ ಹಾಕಲು ನೆಲಕ್ಕೆ ಬಿದ್ದು ಒದ್ದಾಡುತ್ತಿತ್ತು.

ಕಾಸಿಮಸಾಬ ತೆಪ್ಪ ತಂದು ನಿಲ್ಲಿಸಿದ. ನಾಲ್ಕು ಆಳುಗಳೊಂದಿಗೆ ಓಡಿಬಂದ ಅಪ್ಪಾಸಾಬ, ಆಡಿನ ಆಸೆ ಬಿಟ್ಟು ತೆಪ್ಪ ಹತ್ತುವಂತೆ ಕುಲಸುಂಬಿಯನ್ನು ಅಂಗಲಾಚಿದ. ಈಗ ಎತ್ತಿದರೆ ತಾಯಿಯೂ ಉಳಿಯದು, ಮರಿಯೂ ಉಳಿಯದು ಎಂದು ಆಕೆ ಕದಲಲಿಲ್ಲ.

"ನರಿಗೆ ದಾರಿ ಬಿಟ್ಟೀರಿ ಅಣ್ಣಾರ, ನಮಗ ಯಾವ ಕಡಿ ಬಿಟ್ಟೀರಿ?"

ಅಪ್ಪಾಸಾಬ ಹೊಳೆಯ ಕಡೆ ತಿರುಗಿದ. ನೀರೆತ್ತುವ ಮೋಟರು ಚಾಲು ಮಾಡೋಣವೆಂದರೆ ಕರೆಂಟಿಲ್ಲ. ದ್ರಾಕ್ಷಿಗೆ ಔಷಧ ಹೊಡೆಯುವ ಬೆನ್ನಿನ ಪಂಪುಗಳನ್ನು ತರಿಸಿದ. ಆಳುಗಳು ಹೊಳೆಗಿಳಿದು ನೀರು ತುಂಬುವಾಗ ಕುಲಸುಂಬಿ ಗಂಡನ ಮೂಲಕ ಹೇಳಿಕಳಿಸಿದಳು: ಮೊದಲು ಪಂಪಿನೊಳಗಿನ ಔಷಧ ಹೋಗುವಂತೆ ಚೆನ್ನಾಗಿ ತೊಳೆಯಬೇಕಂತೆ, ಆಡು ಚಪ್ಪರದ ಹುಲ್ಲು ತಿನ್ನುತ್ತದಂತೆ. ಬೆಂಕಿ ಐವತ್ತು ಮಾರು ದೂರದಲ್ಲಿದ್ದಾಗ ನಾಲ್ವರು ಗಂಡಸರು ಎರಡೆರಡು ಸಲ ಪಂಪು ತೊಳೆದರು.

ಆಮೇಲೆ ಗುಡಿಸಲಿನ ಹಿಂದಿನ ಹುಲ್ಲು ಕೆತ್ತಿ, ನೆಲ, ಬೇಲಿ, ಚಪ್ಪರ ಎಲ್ಲವನ್ನೂ ತೋಯಿಸಿದರು. ಬೆಂಕಿ ಬಂತು, ಹಸಿ ನೆಲದ ಆಚೆ ಸ್ವಲ್ಪ ಹೊತ್ತು ಕುಣಿಯಿತು, ತಿನ್ನಲು ಏನೂ ಸಿಗದೆ ಹೊಗೆಯಾಯಿತು.

ಕಾಸಿಮಸಾಬ ನೆಮ್ಮದಿಯಿಂದ ಬೀಡಿ ತೆಗೆದ. ಕಡ್ಡಿಪೆಟ್ಟಿಗೆ ಕೇಳುವ ಧೈರ್ಯವಾಗದೆ ಕಿವಿಗೆ ಸಿಕ್ಕಿಸಿಕೊಂಡ.

ಅಷ್ಟರಲ್ಲಿ ಚಪ್ಪರದಡಿಯಿಂದ ಕುಲಸುಂಬಿಯ ಕರೆ ಬಂತು. ಒಂದು ಮರಿ ಆಗಲೇ ಹುಟ್ಟಿತ್ತು.

"ಅಣ್ಣಾರ, ಇಲ್ಲಿ ಬರ್ರಿ. ಎರಡನೇದು ಅಡ್ಡ ಬಂದೈತಿ, ಆಡಿನ ತಲಿ ಹಿಡೀರಿ."

ಮಸಿ ಹತ್ತಿದ ಬಿಳಿ ಅಂಗಿಯಲ್ಲಿ ಅಪ್ಪಾಸಾಬ ಕೆಸರಿನಲ್ಲೇ ಕೂತು, ಆಡಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಕುಲಸುಂಬಿ ಕೈಹಾಕಿ ಮರಿಯನ್ನು ಸರಿಪಡಿಸಿದಳು. ಅದು ಹೊರಗೆ ಬಿದ್ದು ಸೀನಿತು. ಅಪ್ಪಾಸಾಬ ಆಡಿನ ತಲೆ ಬಿಡಲಿಲ್ಲ. ಬಿಡಬಹುದೆಂದು ಕುಲಸುಂಬಿ ಇನ್ನೂ ಹೇಳಿರಲಿಲ್ಲ.