ಇಳಿಜಾರಿನಲ್ಲಿ ಮಾತಿಲ್ಲ

ಹಳದಿ ಇಲ್ಲ, ಕನ್ನಡಿಯಲ್ಲಿ ಹಳದಿ ಎಲ್ಲೂ ಇಲ್ಲ, ಬೋಟಿನ ಮೇಲಿನ ನೀಲಿ ಹೊದಿಕೆ ಇದೆ, ಅದರ ಕೆಳಗೆ ಟ್ರೇಲರಿನ ಒಂದು ಚಕ್ರ ಇದೆ, ಆಚೆಗೆ ಶೋರೂಮಿನ ಹಿಂದಿನ ಅಂಗಳದ ಸಿಮೆಂಟು ನೆಲ, ನೆಲದ ಕೊನೆಗೆ ಎರಡು ಡ್ರಮ್ಮು, ಡ್ರಮ್ಮುಗಳಾಚೆ ಅಮ್ಮ – ಅಮ್ಮನ ಕೈ ಮಾತ್ರ ಇಲ್ಲ, ಎದೆಗವಚಿಕೊಂಡ ಚೀಲದ ಹಿಂದೆ ಎರಡೂ ಅಡಗಿ ಕೂತಿವೆ, ಹಳದಿ ಕೈಗವಸು ಆ ಚೀಲದೊಳಗೇ ಇದೆ, ಬೆಳಿಗ್ಗೆ ಹೊರಡುವಾಗ ಅಮ್ಮ ಅದನ್ನು ಮಡಚಿ ಅಳತೆ ಟೇಪಿನ ಪಕ್ಕ ಇಟ್ಟದ್ದನ್ನು ಸ್ಟಿಯರಿಂಗ್ ಮುಂದೆ ಕೂತ ಮಗಳೇ ನೋಡಿದ್ದಾಳೆ, ಕೈ ಕಾಣದಿದ್ದರೆ ಹಿಂದಕ್ಕೆ ಹೋಗುವುದಾದರೂ ಹೇಗೆ. ಬ್ರೇಕಿನ ಮೇಲೆ ಅವಳ ಕಾಲು ಇದೆ, ಬೂದು ಬಣ್ಣದ ಈ ಪಿಕಪ್ ಈ ಬೆಳಗಿನಿಂದ ಓಡಿಸಿ ನೋಡಿದ್ದರಲ್ಲಿ ಮೂರನೆಯದು, ಕೊನೆಯದು, ಇದೂ ಆಗದಿದ್ದರೆ ಬೇರೆ ಗಾಡಿ ಇಲ್ಲ, ಗಾಡಿ ಇಲ್ಲದಿದ್ದರೆ ಬೋಟೂ ಇಲ್ಲ, ನಾಳೆ ಹತ್ತಿರದ ಔಷಧಿ ಅಂಗಡಿಯವರು ಬಂದು ಬೋಟು ನೋಡಿಕೊಂಡು ಹೋಗುತ್ತಾರಂತೆ, ನೋಡಿಕೊಂಡು ಅಲ್ಲ, ತೆಗೆದುಕೊಂಡು. ಪಕ್ಕದ ಸೀಟಿನಲ್ಲಿ ಅಪ್ಪ, ಕತ್ತಿಗೆ ಬೆಲ್ಟು ಕಟ್ಟಿಕೊಂಡು, ನಾಣ್ಯದ ಮೇಲಿನ ರಾಜನ ಹಾಗೆ ಒಂದೇ ದಿಕ್ಕಿಗೆ ಮುಖ, ವರ್ಷಗಟ್ಟಲೆ ಲೇತ್ ಯಂತ್ರದ ಮುಂದೆ ಬಗ್ಗಿ ಬಗ್ಗಿ ಸವೆದ ಕತ್ತು, ಆಪರೇಷನ್ ಮಾಡಿದ ಡಾಕ್ಟರು ಇನ್ನು ಸ್ಟಿಯರಿಂಗ್ ಮುಟ್ಟುವ ಹಾಗಿಲ್ಲ ಅಂದುಬಿಟ್ಟರು, ಬಂದವರಿಗೆಲ್ಲ ಅಪ್ಪ ಹೇಳುವುದು ಒಂದೇ ಮಾತು, ನನ್ನ ಕತ್ತು ಈಗ ಸರ್ಕಾರಿ ಕತ್ತು ಕಣ್ರೀ, ಮೇಲಿಂದ ಆರ್ಡರ್ ಬರದೆ ತಿರುಗಲ್ಲ, ಎಲ್ಲರೂ ನಗುತ್ತಾರೆ, ಅಪ್ಪನೂ ನಗುತ್ತಾರೆ, ಆಮೇಲೆ ಹೊರಗೆ ಹೋಗಿ ಟ್ರೇಲರಿನ ಚಕ್ರಕ್ಕೆ ಸುಮ್ಮನೆ ಗಾಳಿ ತುಂಬುತ್ತಾರೆ. ಬೋಟು ಮಾರೋಣ ಅಂದದ್ದೂ ಹಾಗೇ ನಗುತ್ತಲೇ, ಊಟಕ್ಕೆ ಕೂತಾಗ, ತಟ್ಟೆಯಲ್ಲಿ ಅಮ್ಮನ ಬೆರಳು ನಿಂತಿತು, ಆಗ ಯಾರೋ ನಾನು ಓಡಿಸ್ತೀನಿ ಅಂದರು – ಯಾರು ಅಂದದ್ದು ಎಂದು ಅವಳೂ ಅತ್ತಿತ್ತ ನೋಡಿದಳು, ಅವಳೇ ಅಂದದ್ದು. ನೀನಾ, ಬಾಯಲ್ಲಿ ಬೆರಳಿಟ್ಟರೂ ಕಚ್ಚದವಳು, ನೀನಾ? ಹೂಂ. ಕಾರು ಓಡಿಸೋದು ಬೇರೆ, ಬಾಲ ಕಟ್ಟಿಕೊಂಡು ಓಡಿಸೋದು ಬೇರೆ ಪುಟ್ಟಿ. ಗೊತ್ತು. ಮುಂದಕ್ಕೆ ಯಾರು ಬೇಕಾದ್ರೂ ಓಡಿಸ್ತಾರೆ, ಹಿಂದಕ್ಕೆ? ಗೊತ್ತು ಅಪ್ಪ. ಸರಿ ಹಾಗಾದ್ರೆ, ನಮ್ಮ ಗೇಟಿನಷ್ಟು ಅಗಲ ಬಿಟ್ಟು ಎರಡು ಡ್ರಮ್ಮು ಇಡಿಸ್ತೀನಿ, ಶೋರೂಮಿನ ಯಾವ ಗಾಡೀಲಾದ್ರೂ ಸರಿ, ಹಿಮ್ಮುಖವಾಗಿ ಅದರ ಮಧ್ಯೆ ಬೋಟು ತೂರಿಸಿ ತೋರಿಸು, ಬೋಟು ನಮ್ಮದು, ಇಲ್ಲಾಂದ್ರೆ ಅವರದು, ಮಾತು ಮುಗೀತು.

ಮಾತು ಮುಗಿಯುವುದು ಎಂದರೆ ಅವಳಿಗೆ ಇಷ್ಟ, ಮಾತು ಮುಗಿದ ಮೇಲೆ ಶುರುವಾಗುವುದೇ ಇಷ್ಟ, ಬೋಟು ನೀರಿಗಿಳಿಸುವ ಕೆರೆಯ ಇಳಿಜಾರಿನಲ್ಲಿ ಶನಿವಾರ ಬೆಳಿಗ್ಗೆ ಮಾತಿಲ್ಲ, ಅದು ಮನೆಯ ಕಾನೂನು. ಕಾನೂನಿಗೆ ಮೊದಲು ಒಂದು ಜಗಳ ಇತ್ತು, ಅವಳಿಗೆ ಆಗ ಏಳೋ ಎಂಟೋ ವಯಸ್ಸು, ಹೊಸ ಬೋಟು, ಹಳೆ ಪಿಕಪ್ಪು, ಅಮ್ಮ ಹಿಂದೆ ನಿಂತು ಎಡಕ್ಕೆ ರೀ ಎಡಕ್ಕೆ ಅಂತ ಕೂಗಿದ್ದು, ಅಪ್ಪ ಎಡಕ್ಕೇ ತಿರುಗಿಸಿದ್ದು, ಬೋಟು ಹೋಗಿ ಜೊಂಡಿನೊಳಗೆ ಹಿಂಬದಿ ತೂರಿಸಿಕೊಂಡದ್ದು, ಎಡ ಅಂದೆಯಲ್ಲೇ, ಬಲ ಅಂತ ಅಂದೆ ರೀ, ಎಡ ಅಂದೆ, ನನ್ನ ಬಾಯಿ ಎಡ ಅಂದ್ರೆ ನೀವು ಬಲ ಅಂತ ತಿಳ್ಕೋಬಾರ್ದಾ, ಇಷ್ಟು ವರ್ಷ ಸಂಸಾರ ಮಾಡಿ ಅಷ್ಟೂ ಗೊತ್ತಾಗಲ್ವಾ – ಕೆರೆ ದಂಡೆಯಲ್ಲಿದ್ದವರೆಲ್ಲ ಮೀನು ಬಿಟ್ಟು ಇವರನ್ನೇ ನೋಡಿದರು, ಅವಳು ಸೀಟಿನ ಕೆಳಗೆ ಕೂತು ಕಿವಿ ಮುಚ್ಚಿಕೊಂಡಳು. ಅಮ್ಮನ ಬಾಯಿಗೆ ಎಡಬಲ ಇಲ್ಲ, ಹುಟ್ಟಿದಾಗಿನಿಂದ ಇಲ್ಲ, ದಾರಿ ಕೇಳಿದವರನ್ನು ಊರು ಸುತ್ತಿಸಿ ಕಳಿಸುತ್ತಾಳೆ, ಆದರೆ ಕೈಗೆ ಇದೆ, ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೈ ಅದು, ಎಡತೋಳು ಬಲತೋಳು ಒಂದು ದಿನವೂ ಅದಲು ಬದಲಾದದ್ದಿಲ್ಲ. ಮುಂದಿನ ಶನಿವಾರ ಅಮ್ಮ ಬಾಯಿ ಬಿಗಿದುಕೊಂಡು ಇಳಿದಳು, ಕೈಗೆ ಪಾತ್ರೆ ತೊಳೆಯುವ ಹಳದಿ ಗವಸು, ಹಗ್ಗ ಉಜ್ಜಿ ಅಂಗೈ ಸುಲಿಯಬಾರದು ಅಂತ ಹಾಕಿಕೊಂಡದ್ದು, ಎತ್ತಿದ ಕೂಡಲೇ ಕನ್ನಡಿಯಲ್ಲಿ ದೀಪದ ಹಾಗೆ ಕಂಡಿತಂತೆ, ಅಪ್ಪ ಕೈ ಹೋದ ಕಡೆ ಬೋಟು ಕಳಿಸಿದರು, ನೀರು ಮುಟ್ಟುವ ತನಕ ಒಬ್ಬರೂ ತುಟಿ ಬಿಚ್ಚಲಿಲ್ಲ. ಅಂದಿನಿಂದ ಹಾಗೇ. ಒಂದು ಕೈ ಎತ್ತಿದರೆ ಆ ಕಡೆ, ಎರಡೂ ಅಂಗೈ ತನ್ನ ಕಡೆ ಬೀಸಿದರೆ ಬಾ, ಉಳಿದ ದೂರ ಎಷ್ಟೋ ಅಷ್ಟು ಅಗಲಕ್ಕೆ ಎರಡು ಕೈ ಹಿಡಿದು ಹತ್ತಿರ ಹತ್ತಿರ ತರುವುದು, ಕೂಡಿದರೆ ನಿಲ್ಲು. ಕೈ ಕಾಣದಿದ್ದರೂ ನಿಲ್ಲು. ಪಕ್ಕದಲ್ಲಿ ಬೇರೆ ಬೇರೆ ಮನೆಯವರು ಕಿರುಚಾಡುತ್ತಿರುತ್ತಾರೆ, ಗಂಡ ಹೆಂಡತಿಗೆ ಬೈದು ಹೆಂಡತಿ ಮೈದುನನಿಗೆ ಬೈದು, ಆ ಗದ್ದಲದ ನಡುವೆ ಇವರ ಬೋಟು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಳಿದುಬಿಡುತ್ತದೆ, ಏನು ಚೆಂದ, ಕಾಲೇಜಿನಲ್ಲಿ ಹಾಜರಿ ಕೂಗಿದರೆ ಹೂಂ ಅನ್ನಲೂ ನಾಲಿಗೆ ಏಳದ ಅವಳಿಗೆ ಲೋಕದಲ್ಲಿ ಒಂದು ಜಾಗ ಇದೆ ಅನ್ನಿಸಿದ್ದು ಅಲ್ಲೇ, ಅಲ್ಲಿ ಅವಳು ಮೂಗಿಯಲ್ಲ, ಅಲ್ಲಿನ ಭಾಷೆ ಅವಳಿಗೆ ಬರುತ್ತದೆ, ಡೇರೆ ಹೊಡೆಯುವಾಗ, ಸ್ಟವ್ ಹಚ್ಚುವಾಗ, ಸಂಜೆ ನೀರಿನ ಮೇಲೆ ಬೆಳಕು ಕಂತುವಾಗಲೂ ಅಮ್ಮ ಹುಬ್ಬಿನಲ್ಲೇ ಸಕ್ಕರೆ ಕೇಳುತ್ತಾಳೆ, ಅಪ್ಪ ಹೆಬ್ಬೆರಳಲ್ಲೇ ಸಾಕು ಅನ್ನುತ್ತಾರೆ, ಇದನ್ನೆಲ್ಲ ಡೈರಿಯಲ್ಲಿ ಬರೆಯಲು ಕೂತರೆ ಒಂದು ಸಾಲು ದಾಟುವುದಿಲ್ಲ, ಇವತ್ತೂ ಚೆನ್ನಾಗಿತ್ತು, ಅಷ್ಟೆ. ಆಮೇಲೆ ಪಿಕಪ್ಪಿಗೆ ತುಕ್ಕು ಹಿಡಿಯಿತು, ಅದು ಹೋದ ಮೇಲೆ ಒಂದು ಸಲ ಕಾರಿಗೇ ಟ್ರೇಲರು ಕಟ್ಟಿ ನೋಡಿದರು, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು, ಕಾರು ದಂಡೆ ಹತ್ತಲು ಒದ್ದಾಡುತ್ತದೆ, ಬೋಟು ಕಾರನ್ನೇ ಕೆರೆಗೆ ಇಳಿಸಲು ನೋಡುತ್ತದೆ, ಕ್ಲಚ್ ಸುಟ್ಟ ವಾಸನೆ ತಿಂಗಳುಗಟ್ಟಲೆ ಹೋಗಲಿಲ್ಲ. ದೊಡ್ಡ ಲಾರಿಯಂಥ ಗಾಡಿ ನಮ್ಮ ಬೀದಿಗೆ ನುಗ್ಗಲ್ಲ, ಚಿಕ್ಕದು ಎಳೆಯಲ್ಲ, ಮಧ್ಯದ್ದೇ ಆಗಬೇಕು, ಅಪ್ಪ ಬೆಲ್ಟಿನೊಳಗಿಂದ ಹೇಳಿದ್ದರು.

ಮಧ್ಯದವು ಮೂರು ಸಿಕ್ಕಿದವು, ಬೋಟನ್ನು ಬಾಡಿಗೆ ವ್ಯಾನಿಗೆ ಕಟ್ಟಿ ಇಲ್ಲಿಗೇ ತರಿಸಿಕೊಂಡದ್ದು, ಸೇಲ್ಸಿನವರು ಒಳ್ಳೆಯವರೇ, ಡ್ರಮ್ಮು ಉರುಳಿಸಿಕೊಂಡು ಬಂದು ಇಟ್ಟವರೂ ಅವರೇ, ಅಮ್ಮ ಟೇಪು ಹಿಡಿದು ಗಾಡಿಗಳ ಅಳತೆ ತೆಗೆದಾಗ ನಗು ತಡೆದುಕೊಂಡರು ಅಷ್ಟೆ, ಭುಜ ಇಷ್ಟು, ಸೊಂಟ ಇಷ್ಟು, ಈ ಕೆಂಪಿಯ ಸೊಂಟ ನೋಡ್ರೀ, ಗೇಟಲ್ಲಿ ಸಿಕ್ಕಿಹಾಕಿಕೊಂಡ್ರೆ ಬಿಚ್ಚಿ ಹೊಲೀಬೇಕಾಗುತ್ತೆ. ಕೆಂಪು ಅಲ್ಲಿಗೆ ಮುಗಿಯಿತು, ಆದರೂ ಏನು ರೂಪ ಅದರದು, ಹೊಳಪಿನಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದು, ಸೇಲ್ಸಿನವರಿಗೆ ಬಿಡಲು ಮನಸ್ಸಿಲ್ಲ, ಒಳಗೆ ಕೂರಿಸಿ ಪರದೆ ತೋರಿಸಿದರು, ಹಿಂದೆ ಕ್ಯಾಮೆರಾ, ಟ್ರೇಲರಿಗೂ ಒಂದು ಕ್ಯಾಮೆರಾ, ಈ ಗುಂಡಿ ಎತ್ತ ತಿರುಗಿಸಿದ್ರೆ ಟ್ರೇಲರ್ ಅತ್ತ, ಗಾಡಿನೇ ಸ್ಟಿಯರಿಂಗ್ ತಿರುಗಿಸಿಕೊಳ್ಳುತ್ತೆ ಮೇಡಂ. ಅಮ್ಮ ಕಿಟಕಿಯಲ್ಲಿ ತಲೆಯಿಟ್ಟು ಬೆರಗಾಗಿ ನೋಡುತ್ತಿದ್ದಳು, ಕೈಗೆ ಆಗಲೇ ಒಂದು ಗವಸು ಏರಿತ್ತು. ಹಾಗಾದ್ರೆ ಹಿಂದೆ ಯಾರು ನಿಂತ್ಕೋತಾರೆ? ಯಾರೂ ಬೇಡ ಮೇಡಂ, ಅದೆಲ್ಲ ಹಳೇ ಕಾಲ, ನೀವು ಆರಾಮಾಗಿ ಕೂತಿರಬಹುದು. ಓಹೋ, ಅಂದಳು ಅಮ್ಮ, ಒಳ್ಳೇದಾಯ್ತು ಬಿಡಿ. ಬೆರಳು ಒಂದೊಂದಾಗಿ ಬಿಡಿಸಿಕೊಂಡು ಗವಸನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದಳು, ಆ ಜಿಪ್ಪಿನ ಸದ್ದು ಮಗಳ ಹಲ್ಲಿಗೆ ತಾಗಿತು. ಎರಡನೆಯದು, ಬಿಳಿಯದು, ಸಾಧು ಪ್ರಾಣಿ, ಸೀಟು ಹಾಸಿಗೆಯಂಥದ್ದು, ಆದರೆ ಟ್ರೇಲರಿನ ಮೂಗು ಕೊಕ್ಕೆಗೆ ಇಟ್ಟದ್ದೇ ತಡ ಹಿಂಭಾಗ ಕುಸಿದು ದೀಪಗಳು ಆಕಾಶ ನೋಡಿದವು, ಅದರಲ್ಲಿ ಹಿಂದಕ್ಕೆ ಹೊರಟಾಗ ಅಮ್ಮ ಕೈ ಎತ್ತಲಿಲ್ಲ, ಎಡಕ್ಕೆ ಪುಟ್ಟಿ, ಎಡಕ್ಕೆ, ಅಂತ ಕೂಗಿದಳು, ಹದಿನೈದು ವರ್ಷದ ಕಾನೂನು ಮುರಿದು ಕೂಗಿದಳು, ಎಡಕ್ಕೆ ಮೇಡಂ, ಅಂತ ಸೇಲ್ಸಿನವರೂ ದನಿಗೂಡಿಸಿದರು, ಅವಳ ಕೈ ತಾನೇ ತಾನಾಗಿ ಎಡಕ್ಕೆ ಹೋಯಿತು, ಟ್ರೇಲರು ಚಾಕುವಿನ ಹಾಗೆ ಮಡಚಿಕೊಂಡಿತು, ನಿಲ್ಸು ನಿಲ್ಸು, ಅಪ್ಪ ಮುಂದೆ ನೋಡುತ್ತಲೇ ಅಂದರು, ಬಾಗಿದ್ದು ಗೊತ್ತಾಯ್ತು, ಸೊಂಟಕ್ಕೆ ತಿಳೀತು. ಮುಂದಕ್ಕೆ ಹೋಗಿ ನೆಟ್ಟಗೆ ಮಾಡ್ಕೊಳ್ಳೋದು ಸೋಲಲ್ಲ ಪುಟ್ಟಿ, ನಾನು ಎಷ್ಟು ಸಲ ಹೋಗಿಲ್ಲ.

ಬಿಳಿಯದನ್ನೂ ಅಲ್ಲಿಗೆ ಬಿಟ್ಟಾಯಿತು, ಈಗ ಈ ಬೂದು, ನೋಡಲು ಏನಿಲ್ಲ, ಚೌಕ ಮುಖ, ಹೊಳಪಿಲ್ಲ, ಮದುವೆ ಮನೆಯಲ್ಲಿ ಫೋಟೋಗೆ ನಿಲ್ಲದೆ ಒಳಗೆ ಬಡಿಸಿಕೊಂಡಿರುವವರ ಹಾಗೆ, ಬೋಟಿನ ಭಾರ ಹೆಗಲಿಗೆ ಬಂದಾಗ ಒಮ್ಮೆ ಉಸಿರೆಳೆದುಕೊಂಡು ನೆಟ್ಟಗೆ ನಿಂತಿತು, ಬಿಳಿಯದರ ಹಾಗೆ ಕೂತುಬಿಡಲಿಲ್ಲ, ಡೀಸೆಲ್ ಎಂಜಿನ್ನಿನ ಸದ್ದು ಯೋಚಿಸಿ ಮಾತಾಡುವವರ ಗಂಟಲಿನ ಹಾಗೆ, ನಿಧಾನದ ಗೇರಿಗೆ ಹಾಕಿದರೆ ಬ್ರೇಕು ಸ್ವಲ್ಪ ಬಿಟ್ಟರೂ ಸಾಕು, ಎಳೆಮಗುವನ್ನು ಕೈಹಿಡಿದು ನಡೆಸಿದ ಹಾಗೆ ತಾನಾಗಿ ಹೆಜ್ಜೆ ಇಡುತ್ತದೆ, ನೆನೆದ ಪಾಚಿಯ ಮೇಲೂ ಇದು ಜಾರಲಿಕ್ಕಿಲ್ಲ, ಹಿಂದಿನ ಪೆಟ್ಟಿಗೆಯಲ್ಲಿ ಡೇರೆ, ಹುಟ್ಟು, ನೀರಿನ ಕ್ಯಾನು, ಮೂರು ಮಡಚು ಕುರ್ಚಿ, ಎಲ್ಲ ಹಿಡಿದು ಅಪ್ಪ ಕಾಲು ಚಾಚುವಷ್ಟು ಜಾಗ ಉಳಿಯುತ್ತದೆ, ಇದಕ್ಕೂ ಒಂದು ಕ್ಯಾಮೆರಾ ಇದೆ ಪಾಪ, ಬೋಟಿನ ಮೂತಿ ಬಿಟ್ಟು ಅದಕ್ಕೆ ಬೇರೇನೂ ಕಾಣುವುದಿಲ್ಲ, ಆದರೆ ಕನ್ನಡಿ, ಆಹಾ ಕನ್ನಡಿ, ಊಟದ ತಟ್ಟೆಯಷ್ಟು, ಎರಡು ಕಡೆಗೂ ಒಂದೊಂದು, ಅದರಲ್ಲಿ ಅಮ್ಮ ಇಡಿಯಾಗಿ ಇದ್ದಾಳೆ, ಚಪ್ಪಲಿಯಿಂದ ಹೆರಳಿನ ತನಕ, ಕೈ ಒಂದು ಬಿಟ್ಟು. ಅವಳು ಬ್ರೇಕು ಸಡಿಲಿಸುತ್ತಾಳೆ, ಕೈ ಸ್ಟಿಯರಿಂಗಿನ ತಳಕ್ಕೆ, ಅಪ್ಪ ಹೇಳಿಕೊಟ್ಟದ್ದು, ತಳದಲ್ಲಿ ಹಿಡ್ಕೋ, ನಿನ್ನ ಕೈ ಎತ್ತ ಹೋಗುತ್ತೋ ಬೋಟೂ ಅತ್ತಲೇ ಬರುತ್ತೆ, ಬೋಟು ಬರುತ್ತಿದೆ, ನೀಲಿ ಹೊದಿಕೆ ಒಂದು ಕಡೆಗೆ ದಪ್ಪವಾಗುತ್ತಿದೆ, ಎಷ್ಟು ವಾಲಿದೆ, ಡ್ರಮ್ಮಿಗೆ ಎಷ್ಟು ದೂರ, ಶೋರೂಮಿನ ಗಾಜಿನ ಹಿಂದೆ ಯಾರೋ ಕಾಫಿ ಲೋಟ ಹಿಡಿದು ಬಂದು ನಿಂತರು, ಇನ್ನೊಬ್ಬರು, ಇನ್ನೂ ಇಬ್ಬರು, ಅಮ್ಮ ಅವರನ್ನು ನೋಡಿ ಚೀಲವನ್ನು ಇನ್ನಷ್ಟು ಅವಚಿಕೊಂಡಳು, ಬಾಯಿ ತೆರೆದಳು. ಎಡಕ್ಕೆ ಪುಟ್ಟಿ! ಎಡಕ್ಕೆ ಮೇಡಂ! ಇಲ್ಲ ಇಲ್ಲ, ಅಯ್ಯೋ ಎಡಕ್ಕೆ! ಯಾವ ಎಡ, ಬಾಯಿಯ ಎಡವೋ ಲೋಕದ ಎಡವೋ, ಅವಳು ಮತ್ತೆ ಸೀಟಿನ ಕೆಳಗೆ ಕೂತು ಕಿವಿ ಮುಚ್ಚಿಕೊಳ್ಳಬೇಕು, ಆದರೆ ಕಾಲು ಬ್ರೇಕಿನ ಮೇಲಿದೆ, ನಾಳೆ ಔಷಧಿ ಅಂಗಡಿಯವರು, ಅಪ್ಪ ಮುಂದೆಯೇ ನೋಡುತ್ತಿದ್ದಾರೆ, ಕಿಟಕಿಯ ಗಾಜು ಇಳಿಯುತ್ತಿದೆ, ಇಳಿಸುತ್ತಿರುವ ಬೆರಳು ಅವಳದೇ, ಅರ್ಧ ಮೈ ಹೊರಗೆ ಬಂತು, ಯಾರೂ ಮಾತಾಡಬೇಡಿ! ಆ ದನಿ ಅಂಗಳದ ಗೋಡೆಗೆ ಬಡಿದು ಹಿಂದಕ್ಕೆ ಬಂತು, ಸೇಲ್ಸಿನವರ ಬಾಯಿ ತೆರೆದದ್ದು ತೆರೆದ ಹಾಗೇ, ಕಾಫಿ ಲೋಟಗಳು ನಿಂತವು, ಅಮ್ಮಾ, ಕೈ! ನಿನ್ನ ಕೈ ಕಾಣದೆ ನಂಗೆ ಬರಲ್ಲ, ಹಾಕ್ಕೋ ಅದನ್ನ!

ಅಂದವಳು ಅವಳೇ, ಅಪ್ಪ ತಮ್ಮ ಮಟ್ಟಿಗೆ ಮೆಲ್ಲಗೆ ಅಂದರು, ಅಬ್ಬ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ, ಮೆಚ್ಚಿಗೆಯೋ ಹೆದರಿಕೆಯೋ ತಿಳಿಯಲಿಲ್ಲ, ತಿರುಗಿ ನೋಡಲು ಅವರಿಗೆ ಬರುವುದಿಲ್ಲ, ಮುಂದೆ ಹೋಗಿ ನೆಟ್ಟಗೆ ಮಾಡಿಕೊಳ್ಳುವುದು ಸೋಲಲ್ಲ, ಅವಳು ಮುಂದೆ ಹೋದಳು, ನೆಟ್ಟಗೆ ಮಾಡಿಕೊಂಡಳು, ಕನ್ನಡಿಯಲ್ಲಿ ಅಮ್ಮ ಬಗ್ಗಿದ್ದಾಳೆ, ಚೀಲ ನೆಲದ ಮೇಲಿದೆ, ಜಿಪ್ಪು ಕೇಳಿಸುವಷ್ಟು ಮೌನ, ಅಮ್ಮ ನೆಟ್ಟಗಾದಳು – ಹಳದಿ. ಎರಡು ಹಳದಿ. ಗಾಜಿನ ಹಿಂದಿನವರು ನೋಡುತ್ತಾರೆಂಬುದೇ ಇಲ್ಲ ಈಗ ಅಮ್ಮನಿಗೆ, ಆ ನಿಲುವು ನೋಡು, ಕಾಲು ಅಗಲಿಸಿ, ಗಲ್ಲ ಎತ್ತಿ, ಇಡೀ ಅಂಗಳವನ್ನು ತಾನೇ ಕತ್ತರಿಸಿ ಹೊಲಿದವಳ ಹಾಗೆ, ಎಂಥ ಹೆಂಗಸು ನಮ್ಮಮ್ಮ, ಅಂಗೈ ತನ್ನ ಕಡೆ ಬೀಸಿತು, ಬಾ, ಬೂದು ಗಾಡಿ ಬಂತು, ಬಲಗೈ ಒಂದಿಷ್ಟು ಎದ್ದಿತು, ಅವಳ ಕೈ ತಳದಲ್ಲಿ ಅಷ್ಟೇ ಸರಿಯಿತು, ಬೋಟು ಅಷ್ಟೇ, ನೋಡು ನೋಡು, ಅಮ್ಮನ ಕೈ ಅವಳ ಕೈ ಬೋಟು ಮೂರೂ ಒಂದೇ ದಾರಕ್ಕೆ ಪೋಣಿಸಿದ ಹಾಗೆ, ನೀಲಿ ಹೊದಿಕೆಯ ಎರಡು ಅಂಚೂ ಎರಡು ಕನ್ನಡಿಯಲ್ಲಿ ಸರಿಸಮ ನಿಂತಿದೆ, ಡ್ರಮ್ಮು ಹತ್ತಿರ ಬಂತೇ, ಬರುತ್ತಿದೆ, ಏನು ತೋರಿಸ್ತಿದಾಳೆ? ಅಪ್ಪನ ದನಿ ಬೆಲ್ಟಿನೊಳಗೆ ಸಣ್ಣದಾಗಿದೆ, ಜೀವಮಾನವಿಡೀ ಕನ್ನಡಿಯಲ್ಲಿ ಕಂಡದ್ದನ್ನು ಈಗ ಮಗಳನ್ನು ಕೇಳಬೇಕು, ಎರಡು ಮೊಳ ಅಪ್ಪ. ಈಗ? ಒಂದು ಮೊಳ. ಅಲುಗಾಡ್ತಿದಾಳಾ? ಇಲ್ಲ, ನೆಟ್ಟಗಿದಾಳೆ. ಅವಳು ಅಲುಗಲ್ಲ ಬಿಡು, ಕೆರೆ ಅಲುಗಿದ್ರೂ ಅವಳು ಅಲುಗಲ್ಲ. ಇದೇ ಗಾಡಿ ಅಪ್ಪ. ಇದೇನಾ? ಇದೇ, ಇದ್ರಲ್ಲಿ ಅಮ್ಮ ಕಾಣ್ತಾಳೆ. ಅಪ್ಪ ಮುಂದಿನ ಗಾಜಿನಾಚೆ ಏನನ್ನೋ ನೋಡುತ್ತಲೇ ಹೆಬ್ಬೆರಳು ಎತ್ತಿದರು, ಸಾಕು ಎಂದು, ಇನ್ನೇನೂ ಹೇಳುವುದು ಬೇಡ ಎಂದು, ಬೂದು ಗಾಡಿ ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತಿದೆ, ಡ್ರಮ್ಮುಗಳು ಬೋಟಿನ ಎರಡು ಪಕ್ಕೆಗೆ ಬಂದವು, ದಾಟಿದವು, ನಾಳೆ ಯಾರೂ ಬರುವುದು ಬೇಡ, ಕನ್ನಡಿಯಲ್ಲಿ ಎರಡು ಹಳದಿ ಕೈ, ನಡುವೆ ಒಂದು ಗೇಣು, ಗೇಣಿನಲ್ಲಿ ಅಮ್ಮನ ಮುಖ, ಮುಖದಲ್ಲಿ ತುಟಿ ಬಿಗಿದಿದೆ, ಕಣ್ಣು ಬಿಗಿದಿಲ್ಲ, ನಾಲ್ಕು ಬೆರಳು, ಎರಡು ಬೆರಳು, ಹಳದಿ, ಹಳದಿ, ನಡುವೆ ಒಂದು ನೂಲಿನಷ್ಟು ಬೆಳಕು,

ಕೂಡಿದವು.