ದಪ್ಪ ತಂತಿ

ಹಳೆಯ ವಾದ್ಯ ಕೊಳ್ಳುವವರು ಮೊದಲು ಅದರ ಅಂದ ನೋಡಿ ಮರುಳಾಗುತ್ತಾರೆ. ಭವಿತಾಳೂ ಹಾಗೆಯೇ. ಸುಳ್ಯದಲ್ಲಿ ಮಕ್ಕಳಿಗೆ ಸಂಗೀತ ಕಲಿಸುವ ಈ ಹುಡುಗಿ, ಪುತ್ತೂರಿನ ನನ್ನ ವಾದ್ಯ ರಿಪೇರಿ ಅಂಗಡಿಯಿಂದ ನನ್ನನ್ನು, ಮಾರಾಟಕ್ಕಿದ್ದ ಮ್ಯಾಂಡೊಲಿನ್ ನೋಡಲು ಕಾಣಿಯೂರಿನ ಒಂದು ಮನೆಗೆ ಎಳೆದುಕೊಂಡು ಬಂದಿದ್ದಳು. ಮನೆಯೊಡತಿ ನೆಬೀಸಕ್ಕ ಒಳಗಿನಿಂದ ಅದನ್ನು ತಂದಿಟ್ಟದ್ದೇ ತಡ, "ತೀರ್ಥರಾಮಣ್ಣ, ಎಷ್ಟು ಚೆಂದ ಉಂಟಲ್ಲ!" ಎಂದಳು. ಪಟ್ಟಿ ಪಟ್ಟಿ ಮರ ಜೋಡಿಸಿದ ಉಬ್ಬು ಬೆನ್ನು, ನಿಜಕ್ಕೂ ಚೆಂದವೇ.

"ಚೆಂದ ನೋಡ್ಲಿಕ್ಕೆ ನಾನ್ಯಾಕೆ ಮಾರಾಯ್ತಿ? ಸುಮ್ಮನಿರು," ಎಂದು ಗದರಿದೆ.

ನೆಬೀಸಕ್ಕನಿಗೆ ದುಡ್ಡಿನ ಆಸೆ ಇರಲಿಲ್ಲ. ಗಂಡ ಹೈದರ್ ತೀರಿಕೊಂಡು ಎರಡು ವರ್ಷ. "ಬಾರಿಸುವವರ ಕೈಗೆ ಹೋಗ್ಲಿ. ಇವರು ಮದುವೆ ಮನೆಗಳಲ್ಲಿ ಬಾರಿಸ್ತಿದ್ರು. ಕಡೆಕಡೆಗೆ ಬೆರಳಲ್ಲಿ ಬಲ ಇಲ್ಲ, ಒತ್ತಿದ್ರೆ ಸ್ವರ ಬರುದಿಲ್ಲ ಅಂತ ಕೂತು ಅಳುದು. ಎಣ್ಣೆ ತಿಕ್ಕಿದೆ, ಮದ್ದು ಮಾಡಿಸಿದೆ. ಎಂತದೂ ಆಗ್ಲಿಲ್ಲ."

ನಾನು ವಾದ್ಯವನ್ನೆತ್ತಿ ಒಂದು ಕಣ್ಣು ಮುಚ್ಚಿ ನೋಡಿದೆ. ಕುತ್ತಿಗೆ ಮುಂದಕ್ಕೆ ಬಾಗಿತ್ತು. ತಂತಿಯಡಿ ಕಿರುಬೆರಳು ತೂರುವಷ್ಟು ಸಂದು. ಎಂಥ ಗಟ್ಟಿಗನೂ ಅದನ್ನು ಒತ್ತಲಾರ. ಇಷ್ಟು ನಾಜೂಕಿನ ವಾದ್ಯಕ್ಕೆ ಯಾರೋ ಗಿಟಾರಿನ ದಪ್ಪ ತಂತಿ ಬಿಗಿದಿದ್ದರು. ಅದು ಎಳೆದೂ ಎಳೆದೂ ಮರವನ್ನೇ ಬಗ್ಗಿಸಿತ್ತು.

"ಯಾವ ಕತ್ತೆ ಹಾಕಿದ್ದು ಇದನ್ನು?" ಎನ್ನುವಷ್ಟರಲ್ಲಿ ತಂತಿಗಳನ್ನು ಹೊತ್ತ ಪುಟ್ಟ ಮರದ ತುಂಡು, ಕುದುರೆ, ಕಣ್ಣಿಗೆ ಬಿತ್ತು. ಹಲಸಿನ ಮರದ್ದು. ನನ್ನ ಕೈಕೆಲಸ ನನಗೆ ಗೊತ್ತಾಗದೆ ಇರುತ್ತದೆಯೇ?

ಹದಿನೈದು ವರ್ಷದ ಹಿಂದೆ ಒಬ್ಬರು ಅಂಗಡಿಗೆ ಬಂದಿದ್ದರು. ಮದುವೆಯಲ್ಲಿ ದಫ್ಫು ಬಡಿಯುವ ಸದ್ದಿಗೆ ತನ್ನ ಮ್ಯಾಂಡೊಲಿನ್ ಕೇಳುವುದೇ ಇಲ್ಲ, ಸ್ವಲ್ಪ ಜೋರು ಮಾಡಿಕೊಡಿ ಎಂದಿದ್ದರು. ಹೆಸರು ಮರೆತಿತ್ತು. ದಪ್ಪ ತಂತಿ ಹಾಕಿದರಾಯಿತು ಎಂದು, ಅದಕ್ಕೆ ತಕ್ಕ ಕುದುರೆಯನ್ನೂ ಕೆತ್ತಿ, ನಾನೇ ಹಾಕಿಕೊಟ್ಟಿದ್ದೆ. ಎಲ್ಲ ಬಲ್ಲೆನೆಂಬ ಸೊಕ್ಕು, ಮತ್ತೇನು?

"ತಗೊಳ್ಬಹುದಾ ಅಣ್ಣ?" ಭವಿತಾ ಕೇಳಿದಳು.

"ಬೇಡ. ಇದು ಇನ್ನು ಸರಿಯಾಗುದಿಲ್ಲ."

ಅಷ್ಟಕ್ಕೇ ಎದ್ದು ಬಂದುಬಿಡಬಹುದಿತ್ತು. ಕಾಲು ಏಳಲಿಲ್ಲ.

"ನೆಬೀಸಕ್ಕ, ಹೈದರಣ್ಣನ ಬೆರಳಿಗೆ ಎಂತದೂ ಆಗಿರ್ಲಿಲ್ಲ. ಹಾಳಾದದ್ದು ಇದು. ಹಾಳು ಮಾಡಿದ್ದು ನಾನು." ತಂತಿಯ ಕತೆ ಪೂರ್ತಿ ಹೇಳಿದೆ.

ಬೈಯುತ್ತಾರೆಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಕೇಳಿದರು: "ಹಾಗಾದ್ರೆ ಬೇರೆ ಮ್ಯಾಂಡೊಲಿನ್ ಸಿಕ್ಕಿದ್ರೆ ಬಾರಿಸ್ತಿದ್ರಾ?"

"ಬಾರಿಸ್ತಿದ್ರು ಅಕ್ಕ."

"ನಮ್ಮ ಮಗ ಫಾರಿಸ್ ದುಬೈಯಿಂದ ಹೊಸತು ತರ್ತೇನೆ ಅಂತ ಎಷ್ಟು ಸಲ ಹೇಳಿದ! ಕೈಯೇ ಹೋದವರಿಗೆ ಯಾಕೆ, ನೋಡಿ ನೋಡಿ ಇನ್ನೂ ಅಳ್ಲಿಕ್ಕಾ ಅಂತ ನಾನೇ ಬೇಡ ಅಂದೆ."