ನಾನು ಸುತ್ತಿದ ಕಂಡಿಕೆಗಳು

ನಾನು ಒಂದು ಡಿಸಿ ಮೋಟಾರು. ಕಾರಿನ ಗಾಜಿನ ಮೇಲಿನ ಮಳೆನೀರು ಒರೆಸಲೆಂದು ಹುಟ್ಟಿದವನು. ಕಾರು ಹಳ್ಳಕ್ಕೆ ಉರುಳಿ ಅದರ ಕಥೆ ಮುಗಿದಾಗ ನಾನು ಮಾತ್ರ ಗಟ್ಟಿಯಾಗಿ ಉಳಿದು ಗುಜರಿ ಅಂಗಡಿ ಸೇರಿದೆ. ಅಲ್ಲಿಂದ ನನ್ನನ್ನು ಓಢಣಿಯಲ್ಲಿ ಸುತ್ತಿ ಒಯ್ದವಳು ಬನಶ್ರೀ, ಪಾಲಿಟೆಕ್ನಿಕ್ ಕೊನೆಯ ವರ್ಷದ ಹುಡುಗಿ.

ಅವಳ ಅಪ್ಪ ಮನೆಯಲ್ಲೇ ಸೀರೆ ನೇಯುತ್ತಿದ್ದ. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದು ಅವ್ವ ಶಂಕ್ರವ್ವನ ಪಾಲು. ಮೂವತ್ತು ವರ್ಷ ರಾಟಿ ತಿರುಗಿಸಿ ಆಕೆಯ ಬಲಭುಜ ಹಿಡಿದುಹೋಗಿತ್ತು. ಕಂಡಿಕೆ ಇಲ್ಲದಿದ್ದರೆ ಮಗ್ಗ ನಿಂತೇಹೋಗುತ್ತದೆ. ಆ ಭುಜದ ಕೆಲಸ ನನ್ನಿಂದ ಮಾಡಿಸಬೇಕೆಂದು ಮಗಳ ಹಟ.

ನನಗೆ ಶಕ್ತಿಯಿತ್ತು, ವಿವೇಕವಿರಲಿಲ್ಲ. ಬ್ಯಾಟರಿ ಮುಟ್ಟಿಸಿದೊಡನೆ ರಾಟಿಯನ್ನು ಜಗ್ಗಿ ನೂಲು ಹರಿಯುತ್ತಿದ್ದೆ. ಆಗ ಬನಶ್ರೀ ಮೈಕ್ರೋಕಂಟ್ರೋಲರ್ ಎಂಬ ಚಿಪ್ಪೊಂದನ್ನು ತಂದು ನನ್ನ ಮೇಲೆ ಯಜಮಾನಿಕೆಗೆ ಕೂರಿಸಿದಳು. ಉಗುರಿನಷ್ಟಿದ್ದರೂ ಅದರ ದರ್ಬಾರು ಜೋರು. ಸೆಕೆಂಡಿಗೆ ಸಾವಿರ ಸಲ ಕರೆಂಟು ಕೊಟ್ಟು ಕಿತ್ತುಕೊಳ್ಳುತ್ತಿತ್ತು. ಕೊಡುವ ಹೊತ್ತು ಹೆಚ್ಚಿದರೆ ನಾನು ಓಡುತ್ತಿದ್ದೆ, ಕಡಿಮೆಯಾದರೆ ನಿಧಾನವಾಗುತ್ತಿದ್ದೆ. ನೂಲು ಸಿಕ್ಕಾದರೆ ಪ್ಲಸ್ಸು ಮೈನಸ್ಸು ಅದಲುಬದಲಾಗಿ ಹಿಂದಕ್ಕೆ ತಿರುಗುತ್ತಿದ್ದೆ. ಮೊದಲ ಕಂಡಿಕೆ ತುಂಬಿದ ದಿನ ಶಂಕ್ರವ್ವ ನನ್ನ ಬೆನ್ನು ಸವರಿದಳು.

"ನನ್ನ ಕೈ ಹಾಂಗ ತಿರಗತೈತಲ್ಲವ್ವಾ."

ಅಂಥ ಮಾತನ್ನು ನನಗೆ ಅದುವರೆಗೆ ಯಾರೂ ಆಡಿರಲಿಲ್ಲ. ಹಿಗ್ಗಿಹೋದೆ.

ಆದರೆ ನಾನು ಬನಶ್ರೀಯ ಕೊನೆಯ ವರ್ಷದ ಪ್ರಾಜೆಕ್ಟೂ ಆಗಿದ್ದೆ; ಪ್ರಾಜೆಕ್ಟ್ ಅಂದಮೇಲೆ ಕಾಲೇಜಿಗೆ ಒಪ್ಪಿಸಲೇಬೇಕು. ಪರೀಕ್ಷೆ ಮುಗಿದೊಡನೆ ವಿಭಾಗದ ಮುಖ್ಯಸ್ಥ ಇಂಗಳಗಿ ಸರ್ ನನ್ನ ಮೈಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆಸಿ, ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

"ಸರ್, ಇದು ಅವ್ವಗ ಬೇಕ್ರಿ," ಎಂದಳು ಬನಶ್ರೀ.

"ಇನ್ಸ್‌ಪೆಕ್ಷನ್ ಮುಗೀಲಿ, ಒಯ್ಯುವಿಯಂತ. ನಂಬರ್ ಬಿದ್ದದ್ದು ಹಂಗ ಕೊಡಾಕ ಬರೂದಿಲ್ಲ."

ಇನ್ಸ್‌ಪೆಕ್ಷನ್ ಮುಗಿಯುವುದುಂಟೇ? ಪ್ರತಿ ವರ್ಷ ಟೈ ಕಟ್ಟಿದವರು ಬರುವರು. ರಾಟಿಯಿಲ್ಲ, ನೂಲಿಲ್ಲ; ಮುಂದಕ್ಕೆ ನಾಲ್ಕು ಸುತ್ತು, ಹಿಂದಕ್ಕೆ ನಾಲ್ಕು ಸುತ್ತು ನಾನು ಸುಮ್ಮನೆ ತಿರುಗಬೇಕು. ಅವರು "ವೆರಿ ಗುಡ್" ಎಂದು ಗೋಡಂಬಿ ಬಾಯಿಗೆ ಹಾಕಿಕೊಳ್ಳುವರು. ನನ್ನ ಮೈ ಉರಿಯುತ್ತಿತ್ತು. ಅವರು ಹೋದ ಮೇಲೆ ಬನಶ್ರೀ ಅರ್ಜಿ ಹಿಡಿದು ಬರುವಳು, ಮುಂದಿನ ವರ್ಷದ ಮಾತು ಕೇಳಿಕೊಂಡು ಹೋಗುವಳು.

ಆರು ವರ್ಷದ ಮೇಲೆ ಹೊಸ ಮಾದರಿಗಳು ಬಂದು ಕಪಾಟಿನಲ್ಲಿ ಜಾಗ ಸಾಲದಾಯಿತು. ಪುಸ್ತಕದಲ್ಲಿ ನನ್ನ ನಂಬರು ಹೊಡೆದುಹಾಕಿ ನನ್ನನ್ನು ಗುಜರಿ ಗಾಡಿಗೆ ಎಸೆದರು. ಸುದ್ದಿ ತಿಳಿದ ಬನಶ್ರೀ ಗಾಡಿಯ ಹಿಂದೆ ಓಡಿ ಬಿಡಿಸಿಕೊಂಡಳು.

ಮನೆಯಲ್ಲಿ ಮಗ್ಗವಿರಲಿಲ್ಲ. ನೇಯುವವನು ಕಾಲು ಇಳಿಬಿಡುವ ಕುಣಿಯನ್ನು ಮುಚ್ಚಿ ಮೇಲೆ ಸಿಮೆಂಟು ಬಳಿದಿದ್ದರು. ಅಪ್ಪ ಪೆಟ್ರೋಲ್ ಬಂಕಿನ ಕಾವಲಿಗೆ ಹೋಗಿದ್ದ.

"ಕುಣಿ ಮುಚ್ಚೇವಲ್ಲ ಮಗಳ. ಈಗ ತಂದಿ?" ಎಂದಳು ಶಂಕ್ರವ್ವ.

ಆದರೂ ಅಟ್ಟದಿಂದ ರಾಟಿ ಇಳಿಸಲು ಹೇಳಿದಳು. ಬನಶ್ರೀ ನನ್ನನ್ನು ಅದಕ್ಕೆ ಜೋಡಿಸಿದಳು. ನಾನು ಕಲಿತಂತೆಯೇ ಮೆಲ್ಲಗೆ ಶುರುಮಾಡಿದೆ. ಶಂಕ್ರವ್ವ ಎಡಗೈ ಬೆರಳುಗಳ ನಡುವೆ ಇಲ್ಲದ ನೂಲನ್ನು ಹಿಡಿದು ಕೂತಳು.

ಈಗ ನಾನು ಅಕ್ಕಿ ಡಬ್ಬಿಯ ಹಿಂದೆ ಬಿದ್ದಿದ್ದೇನೆ. ನಂಬರು ಅಳಿಸಿಲ್ಲ. ಇನ್ಸ್‌ಪೆಕ್ಷನ್ನಿನವರ ಮುಂದೆ ಎಷ್ಟು ಸುತ್ತು ತಿರುಗಿದೆನೋ ಲೆಕ್ಕವಿಲ್ಲ. ಶಂಕ್ರವ್ವನಿಗೆ ಸುತ್ತಿಕೊಟ್ಟದ್ದು ಹದಿನಾಲ್ಕು ಕಂಡಿಕೆ. ಒಂದು ಸೀರೆಗೂ ಅದು ಸಾಲದು.